ಕಡಲ ಕಾವಲು

೨೦೦೮ನೆಯ ಇಸವಿಯ ನವೆಂಬರ್ ೨೬ರ ರಾತ್ರಿ ಮುಂಬಯಿಯಲ್ಲಿಳಿದ ಹತ್ತು ಮಂದಿ ಹಂತಕರು ಕಡಲನ್ನು ದಾಟಿ ಬಂದುದು ಯುದ್ಧನೌಕೆಯಿಂದಲ್ಲ. ನಮ್ಮವರಿಂದಲೇ ಅಪಹರಿಸಿದ ಮೀನುಗಾರರ ದೋಣಿಯಿಂದ. ಸಾವಿರಾರು ದೋಣಿಗಳ ನಡುವೆ ನಮ್ಮದಾವುದು, ಅನ್ಯರದಾವುದು ಎಂದರಿಯುವುದೆಂತು?

ತರುವಾಯ ಕರಾವಳಿಯುದ್ದಕ್ಕೂ ನಿಂತ ರೇಡಾರುಗಳ ಸಾಲು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಕೆಲಸವೆಂಬುದು ನಮಗೆ ಹೆಮ್ಮೆಯೇ ಸರಿ. ಆದರೆ ಮರದ ಚಿಕ್ಕ ದೋಣಿ ರೇಡಾರಿನ ಕಣ್ಣಿಗೆ ಸುಲಭವಾಗಿ ಬೀಳದು. ಅಲೆಗಳಿಂದ ಮರಳುವ ಪ್ರತಿಧ್ವನಿಯಲ್ಲಿಯೇ ಅಡಗಿಬಿಡುತ್ತದೆ. ಇಂತಹ ತೊಡಕು ಬಿಡಿಸಲು ಶೋಧನೆ ಬೇಕು, ಶೋಧನೆಗೆ ಹಣ ಬೇಕು. ೨೦೧೮ರಲ್ಲಿ ರಕ್ಷಣಾ ಇಲಾಖೆಯು ‘ಐಡೆಕ್ಸ್’ ಯೋಜನೆಯನ್ನು ಹೂಡಿ, ಹೊಸ ಉದ್ಯಮಗಳಿಗೆ ೧.೫ ಕೋಟಿ ರೂಪಾಯಿಗಳವರೆಗೆ ಸಹಾಯಧನವನ್ನೀಯತೊಡಗಿತು. ಎಲ್ಲ ಪ್ರಯೋಗಗಳೂ ಫಲಿಸವು. ಆ ನಷ್ಟಕ್ಕೆ ನಾವು ಗೊಣಗಲಾಗದು. ಆದರೆ ಹೊಸ ಯಂತ್ರವು ಪ್ರಯೋಗಶಾಲೆಯಲ್ಲಿ ಗೆದ್ದರೆ ಸಾಲದು. ಮಲ್ಪೆಯ ಮೀನುಗಾರನು ಕೊಳ್ಳಬಲ್ಲ ಬೆಲೆಗೆ ದೊರೆತು, ಉಪ್ಪುನೀರಿನಲ್ಲಿ ನೆನೆದೂ ನಡೆಯಬೇಕು.