ಅರ್ಜಿಯನ್ನೋದುವ ಯಂತ್ರ

೨೦೨೦ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕಲಬುರಗಿ ನಗರದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಭಾರತದಲ್ಲಿ ಕೋವಿಡ್ ರೋಗದಿಂದ ಸಂಭವಿಸಿತೆಂದು ದೃಢಪಟ್ಟ ಮೊದಲನೆಯ ಮರಣವು ಈ ಊರಿನ ವೃದ್ಧರೊಬ್ಬರದು. ಅಂತಹ ಹೊತ್ತಿನಲ್ಲಿ ಔಷಧ ಕೊಡುವ ವೈದ್ಯರಷ್ಟೇ ಸಾಲರು. ರೋಗಿಯು ಯಾರು ಯಾರೊಡನೆ ಬೆರೆತಿದ್ದನು, ಅವರಲ್ಲಿ ಎಷ್ಟು ಮಂದಿಗೆ ಸೋಂಕು ತಗುಲಿತು, ಇನ್ನು ಅದು ಯಾವ ಕಡೆಗೆ ಹರಡೀತು ಎಂಬುದನ್ನು ಮನೆಮನೆಗೂ ಹೋಗಿ ವಿಚಾರಿಸಿ ಲೆಕ್ಕ ಹಾಕಬಲ್ಲವರೂ ಬೇಕು. ಇಂತಹವರನ್ನು ತರಬೇತುಗೊಳಿಸುವ ಒಂದು ಮಾರ್ಗವೇ ಸಾರ್ವಜನಿಕ ಆರೋಗ್ಯದ ಫೆಲೋಷಿಪ್. ಅಮೆರಿಕದಲ್ಲಿ ೧೯೫೧ರಲ್ಲಿ ಅಲೆಕ್ಸಾಂಡರ್ ಲ್ಯಾಂಗ್‌ಮ್ಯೂರ್ ಎಂಬ ವೈದ್ಯರು ಇಂತಹ ಯೋಜನೆಯೊಂದನ್ನು ಆರಂಭಿಸಿದರು. ಅದೇ ಮಾದರಿಯ ತರಬೇತಿಯು ನಮ್ಮಲ್ಲಿ ೨೦೧೨ರಲ್ಲಿ ದೆಹಲಿಯ ರಾಷ್ಟ್ರೀಯ ರೋಗನಿಯಂತ್ರಣ ಕೇಂದ್ರದಲ್ಲಿ ಮೊದಲಾಯಿತು.

ಈಗ ಇಂತಹ ಫೆಲೋಷಿಪ್‌ಗಳಿಗೆ ಅರ್ಜಿ ಹಾಕುವುದು ಬಹುಮಟ್ಟಿಗೆ ಗಣಕಯಂತ್ರದ ಮೂಲಕವೇ. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿರುವ, ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದ ತರುಣಿಯೊಬ್ಬಳು ಅರ್ಜಿ ಹಾಕುತ್ತಾಳೆಂದು ಊಹಿಸೋಣ. ಅವಳ ಅರ್ಜಿಯನ್ನು ಮೊದಲು ಓದುವುದು ಮನುಷ್ಯನಲ್ಲ, ಯಂತ್ರ. ಅದು ಓದುವ ಬಗೆಯಾದರೂ ಹೇಗೆ?

ಅಂಕಿಗಳನ್ನು ಓದುವುದರಲ್ಲಿ ಯಂತ್ರವು ಬಹು ಜಾಣ. ಅರ್ಜಿಯ ಸಂಖ್ಯೆ ೫೮೩೧ ಎಂದಿರಲಿ. ಈ ಅಂಕಿಗಳನ್ನು ಎಡದಿಂದ ಕ್ರಮವಾಗಿ ೫, ೪, ೩, ೨ರಿಂದ ಗುಣಿಸಿ ಕೂಡಿದರೆ ೬೮ ಬರುವುದು. ಇದಕ್ಕೆ ೯ನ್ನು ಸೇರಿಸಿದರೆ ೭೭. ಅದು ೧೧ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದಕಾರಣ ೯ನ್ನು ಕೊನೆಗೆ ಅಂಟಿಸಿ ೫೮೩೧೯ ಎಂಬ ಸಂಖ್ಯೆಯನ್ನು ಕೊಡುವರು. ಆತುರದಲ್ಲಿ ಅಭ್ಯರ್ಥಿಯು ೫೩೮೧೯ ಎಂದು ಅಂಕಿ ಅದಲುಬದಲು ಮಾಡಿದಳೆನ್ನಿ: ಅದೇ ರೀತಿ ಗುಣಿಸಿ ಕೂಡಿದಾಗ ೭೨ ಬಂದು, ಭಾಗಿಸಿದರೆ ಶೇಷ ಉಳಿಯುತ್ತದೆ, ಯಂತ್ರವು ತಪ್ಪನ್ನು ಆ ಕ್ಷಣವೇ ಹಿಡಿಯುತ್ತದೆ. ಪುಸ್ತಕಗಳ ಮೇಲಿದ್ದ ಹಳೆಯ ಹತ್ತಂಕಿಯ ಸಂಖ್ಯೆಯಲ್ಲಿಯೂ ಇದೇ ಯುಕ್ತಿಯಿತ್ತು. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯೂ ಇಂತಹ ಕಾವಲುಗಾರನೇ. ಅಲ್ಲಿ ಬಳಸುವ ಲೆಕ್ಕವನ್ನು ಹಾಲೆಂಡಿನ ಗಣಿತಜ್ಞ ವರ್ಹೂಫ್ ೧೯೬೯ರಲ್ಲಿ ಪ್ರಕಟಿಸಿದನು.

ಆದರೆ ಊರಿನ ಹೆಸರಿಗೆ ಇಂತಹ ಕಾವಲು ಅಂಕಿಯಿಲ್ಲ. ಯಂತ್ರದ ತೊಡಕು ಶುರುವಾಗುವುದೇ ಇಲ್ಲಿ.

ಯಂತ್ರಕ್ಕೆ ಅಕ್ಷರವೆಂಬುದೂ ಒಂದು ಸಂಖ್ಯೆಯೇ. ೧೯೯೧ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿರುವರು. ಅದರಲ್ಲಿ 'ಕ' ಅಕ್ಷರದ ಸಂಖ್ಯೆ ೩೨೨೧. ಎರಡು ಹೆಸರು ಒಂದೇ ಎಂದು ಯಂತ್ರವು ಒಪ್ಪಬೇಕಾದರೆ ಸಂಖ್ಯೆಗಳ ಸಾಲು ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿರಬೇಕು. 'ಕೊ' ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹೋಲಿಸುವ ಮುನ್ನ ಇವೆರಡನ್ನೂ ಒಂದೇ ರೂಪಕ್ಕೆ ತರುವ ಸೂತ್ರವುಂಟು. ಆದರೆ ತಂತ್ರಾಂಶ ಬರೆಯುವವನು ಅದನ್ನು ಮರೆಯದೆ ಸೇರಿಸಬೇಕು.

ಈಗ ನಮ್ಮ ಅಭ್ಯರ್ಥಿಯ ಕಾಗದಪತ್ರಗಳನ್ನು ನೋಡೋಣ. ಅವಳ ಹಳೆಯ ಶಾಲಾ ದಾಖಲೆಯಲ್ಲಿ 'ಕಮಲಾಪುರ, ಗುಲಬರ್ಗಾ ತಾಲ್ಲೂಕು, ಗುಲಬರ್ಗಾ ಜಿಲ್ಲೆ' ಎಂದಿದೆ. ೨೦೧೪ರ ನವೆಂಬರ್ ೧ರಂದು ಗುಲಬರ್ಗಾ ಕಲಬುರಗಿಯಾಯಿತು. ಅನಂತರ ಕಮಲಾಪುರವೇ ಒಂದು ತಾಲ್ಲೂಕಾಯಿತು. ಹುಡುಗಿ ಮನೆ ಬದಲಾಯಿಸಲಿಲ್ಲ. ಅವಳ ತಾಲ್ಲೂಕೂ ಜಿಲ್ಲೆಯ ಹೆಸರೂ ಬದಲಾದವು. ಗುಲ್ಬರ್ಗ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ ಎಂದು ನಾಲ್ಕು ವಿಧವಾಗಿ ಬರೆದರೂ ಅಂಚೆಯವನು ಪತ್ರವನ್ನು ತಲಪಿಸುತ್ತಾನೆ. ಯಂತ್ರಕ್ಕೋ ಇವು ನಾಲ್ಕು ಊರುಗಳು. 'ದಾಖಲೆಯು ಅರ್ಜಿಯೊಡನೆ ಹೊಂದುವುದಿಲ್ಲ' ಎಂಬ ಒಂದು ಸಾಲಿನಿಂದ ಅವಳ ಒಂದು ವರ್ಷವೇ ಹೋಗಬಹುದು.

ಇದರ ವಿರುದ್ಧದ ತಪ್ಪೂ ಉಂಟು. ಹಂಪೆಯ ಮಗ್ಗುಲಲ್ಲಿಯೂ ಒಂದು ಕಮಲಾಪುರವಿದೆ. ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚಿತವಾಗುವ ತನಕ ಅದು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಎರಡೂ ಊರುಗಳು ಕಲ್ಯಾಣ ಕರ್ನಾಟಕದವೇ ಆದುದರಿಂದ ಪ್ರಾಂತದ ಹೆಸರಿನಿಂದ ಇವನ್ನು ಬೇರ್ಪಡಿಸುವಂತಿಲ್ಲ. ಬೇರೆ ಬೇರೆ ಎಂದು ತಿಳಿಯಬೇಕಾದ ಕಡೆ ಯಂತ್ರವು ಒಂದೇ ಎನ್ನುತ್ತದೆ! ೧೯೭೨ರಲ್ಲಿ ಅಂಚೆ ಇಲಾಖೆಯು ಜಾರಿಗೆ ತಂದ ಪಿನ್ ಸಂಖ್ಯೆ ಇಲ್ಲಿ ನೆರವಿಗೆ ಬರುತ್ತದೆ. ನಮ್ಮ ಕಮಲಾಪುರದ ಸಂಖ್ಯೆ ೫೮೫ರಿಂದ ಆರಂಭವಾದರೆ ಹಂಪೆಯ ಕಮಲಾಪುರದ್ದು ೫೮೩ರಿಂದ.

ಇದಕ್ಕಿಂತ ಭದ್ರವಾದ ಉಪಾಯವೆಂದರೆ ಪ್ರತಿ ಗ್ರಾಮಕ್ಕೂ ಒಂದು ಸಂಖ್ಯೆ ಕೊಟ್ಟು, ಹಳೆಯ ಹೊಸ ಹೆಸರುಗಳನ್ನೆಲ್ಲ ಅದರ ಕೆಳಗೆ ಕಟ್ಟಿಹಾಕುವುದು. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವು ದೇಶದ ಗ್ರಾಮ, ತಾಲ್ಲೂಕು, ಜಿಲ್ಲೆಗಳಿಗೆ ಇಂತಹ ಸಂಖ್ಯೆಗಳ ಕೋಶವೊಂದನ್ನು ಇಟ್ಟಿದೆ. ಅಭ್ಯರ್ಥಿಯಿಂದ ಊರಿನ ಹೆಸರನ್ನು ಬರೆಸುವ ಬದಲು ಆ ಕೋಶದಿಂದ ಆರಿಸುವಂತೆ ಮಾಡಿದರೆ ಅರ್ಧ ತೊಂದರೆ ನೀಗುವುದು. ಉಳಿದರ್ಧ ಹಳೆಯ ಕಾಗದಗಳದು. ಹೊಂದಿಕೆಯಾಗದ ಅರ್ಜಿಯನ್ನು ತಳ್ಳಿಹಾಕುವ ಅಧಿಕಾರವನ್ನು ಯಂತ್ರಕ್ಕೆ ಕೊಡಬಾರದೆಂಬುದು ನಮ್ಮ ಅಭಿಪ್ರಾಯ. ಅದನ್ನು ಬೇರೆ ಕಟ್ಟಿನಲ್ಲಿರಿಸಿ, ಆ ಸೀಮೆಯನ್ನು ಬಲ್ಲ ಗುಮಾಸ್ತರೊಬ್ಬರಿಗೆ ತೋರಿಸಲಿ. ಗುಲಬರ್ಗಾ ಎಂದರೆ ಯಾವ ಊರೆಂದು ಅವರು ಅರೆಗಳಿಗೆಯಲ್ಲಿ ಹೇಳಬಲ್ಲರು.

ಇನ್ನು ಕಡೆಯ ದಿನದ ನೂಕುನುಗ್ಗಲು. ಅರ್ಧ ತುಂಬಿದ ಅರ್ಜಿಯ ನಡುವೆ ವಿದ್ಯುತ್ತು ಹೋದರೆ? ಒಳ್ಳೆಯ ವ್ಯವಸ್ಥೆಯಲ್ಲಿ ಸಲ್ಲಿಕೆಯು ಪೂರ್ತಿ ದಾಖಲಾಗಬೇಕು, ಇಲ್ಲವೇ ಏನೂ ದಾಖಲಾಗಬಾರದು. ದಾಖಲಾದ ಮೇಲೆಯೇ ರಸೀತಿ ಹೊರಡಬೇಕು. ಆದಕಾರಣ ಕಮಲಾಪುರದ ಹುಡುಗಿ ಕಲಬುರಗಿಯ ಯಾವುದಾದರೂ ಸೈಬರ್ ಅಂಗಡಿಯಲ್ಲಿ ಕುಳಿತು ಗುಂಡಿಯೊತ್ತಿದ ಬಳಿಕ, ತೆರೆಯ ಮೇಲೆ ಆ ಸಂಖ್ಯೆ ಮೂಡುವ ತನಕ ಕುರ್ಚಿ ಬಿಟ್ಟು ಏಳದಿರಲಿ. ಮೂಡಿದೊಡನೆ, ಕೊನೆಯ ಕಾವಲು ಅಂಕಿಯನ್ನೂ ಬಿಡದೆ, ಒಂದು ಚೀಟಿಯಲ್ಲಿ ಬರೆದುಕೊಂಡು ಊರಿನ ಬಸ್ಸು ಹತ್ತಲಿ.