ಪುಸ್ತಕ ಮಂಚದ ಕೆಳಗೆ ಸೇರದಿರಲಿ!

ವರ್ಷಗಟ್ಟಲೆ ಬರೆದಿಟ್ಟ ಅಡುಗೆ ಟಿಪ್ಪಣಿಗಳನ್ನು ಕೊನೆಗೂ ಪುಸ್ತಕ ಮಾಡಿಸಿದ್ದೀರಾ? ಚೀಟಿ ಎತ್ತಿದ ದುಡ್ಡೆಲ್ಲ ಪ್ರೆಸ್ಸಿಗೆ ಹೋಯ್ತು. ಮೊದಲ ವಾರ ನಾದಿನಿ, ಪಕ್ಕದ ಮನೆಯವರು, ಭಜನಾ ಮಂಡಳಿಯ ಗೆಳತಿಯರು ಕೊಂಡರು. ಆಮೇಲೆ? ಉಳಿದ ಕಟ್ಟುಗಳು ಮಂಚದ ಕೆಳಗೆ! 'ಜಾಹೀರಾತು ಕೊಡು' ಅಂತ ಮನೆಯವರೇನೋ ಹೇಳ್ತಾರೆ. ಆದರೆ ಎಲ್ಲಿ ಕೊಡೋದು? ಕೈಯಲ್ಲಿ ಉಳಿದಿರೋದೇ ಅಷ್ಟಿಷ್ಟು ದುಡ್ಡು.

ಅಡುಗೆ ಬರಹಗಳಿಗೆಂದು ನಿಮ್ಮದೇ ಪುಟ್ಟ ವೆಬ್‌ಸೈಟ್ ಇದ್ದರೆ ಉತ್ತರ ಅಲ್ಲೇ ಸಿಗಬಹುದು. ಗೂಗಲ್ ಅನಲಿಟಿಕ್ಸ್ ಎಂಬ ಉಚಿತ ಸೌಲಭ್ಯವನ್ನು ಅದಕ್ಕೆ ಜೋಡಿಸಿ. ಗೊತ್ತಾಗದಿದ್ದರೆ ಮಗಳನ್ನೋ ಮಗನನ್ನೋ ಕೂರಿಸಿಕೊಳ್ಳಿ. ಇದರ ಹಳೆಯ ಆವೃತ್ತಿ 2023ರ ಜುಲೈನಲ್ಲಿ ನಿಂತಿದೆ, ಈಗಿರುವುದು ಜಿಎ4. ಜೋಡಿಸಿದ ದಿನದಿಂದ ಮಾತ್ರ ಲೆಕ್ಕ ಶುರುವಾಗುವುದರಿಂದ ಒಂದು ತಿಂಗಳಾದರೂ ಕಾಯಿರಿ.

ಆಮೇಲೆ ಈ ಮೂರನ್ನು ಗಮನಿಸಿ.

* ಎಲ್ಲಿಂದ ಬಂದರು? ಗೂಗಲ್ ಹುಡುಕಾಟದಿಂದಲೋ, ಫೇಸ್‌ಬುಕ್‌ನಿಂದಲೋ, ಬೇರೊಂದು ಅಡುಗೆ ತಾಣದಿಂದಲೋ? ವಾಟ್ಸ್‌ಆ್ಯಪ್‌ನಿಂದ ಬಂದವರು ಎಷ್ಟೋ ಸಲ 'ಡೈರೆಕ್ಟ್' ಎಂಬ ಗುಂಪಿಗೆ ಸೇರಿರುತ್ತಾರೆ.

* ಬಂದವರು ನಿಂತರೇ? ಜಾತ್ರೆಯಲ್ಲಿ ಅಂಗಡಿ ಮುಂದೆ ಹಾದುಹೋಗುವವರೆಲ್ಲ ಗಿರಾಕಿಗಳಲ್ಲ. ಫೇಸ್‌ಬುಕ್‌ನಿಂದ 400 ಜನ ಬಂದು, ಇಬ್ಬರು ಮಾತ್ರ ಪುಸ್ತಕದ ಪುಟ ತೆರೆದರು ಎಂದಿಟ್ಟುಕೊಳ್ಳಿ. ಇನ್ನೊಂದು ಅಡುಗೆ ತಾಣದಿಂದ ಬಂದದ್ದು ಬರೀ 40 ಜನ, ಪುಸ್ತಕದ ಪುಟ ತೆರೆದವರು 8 ಮಂದಿ. ನಿಮ್ಮ ದುಡ್ಡು ಯಾವ ಕಡೆ ಹೋಗಬೇಕು? ಎರಡನೆಯದರ ಕಡೆಗೇ ತಾನೆ!

* ಯಾವ ಊರಿನವರು? ಇದನ್ನು ಪೂರ್ತಿ ನಂಬಬೇಡಿ. ಹಾಸನದಲ್ಲಿ ಕೂತು ಮೊಬೈಲ್‌ನಲ್ಲಿ ಓದುವವರೂ ಬೆಂಗಳೂರಿನವರೆಂದು ಕಾಣಿಸಬಹುದು.

ಒಮ್ಮೆಲೇ ಹಣ ಸುರಿಯಬೇಡಿ. ಎರಡು ಕಡೆ 500 ರೂಪಾಯಿಯಷ್ಟು ಖರ್ಚು ಮಾಡಿ ನೋಡಿ. ಒಂದೊಂದು ಕಡೆಗೂ ಬೇರೆ ಬೇರೆ ಗುರುತಿರುವ ಲಿಂಕ್ ಕೊಡಿ, ಇದಕ್ಕೆ ಯುಟಿಎಂ ಎನ್ನುತ್ತಾರೆ. ಯಾವ ಜಾಹೀರಾತು ನೋಡಿ ಬಂದರು ಎಂಬುದು ಆಗ ಸ್ಪಷ್ಟವಾಗುತ್ತದೆ. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟು, ಎಷ್ಟು ಪುಸ್ತಕ ನಿಜವಾಗಿ ಮಾರಾಟವಾಯ್ತು ಅಂತಲೂ ಬರೆದಿಡಿ. ಕೊನೆಗೆ ಲೆಕ್ಕಕ್ಕೆ ಬರುವುದು ಅದೇ.

ವೆಬ್‌ಸೈಟೇ ಇಲ್ಲವೇ? ಗೂಗಲ್ ಟ್ರೆಂಡ್ಸ್‌ನಲ್ಲಿ 'ನೀರುದೋಸೆ' ಎಂದೋ 'ಹೋಳಿಗೆ' ಎಂದೋ ಹಾಕಿ, ಯಾವ ಭಾಗದಲ್ಲಿ ಹುಡುಕಾಟ ಹೆಚ್ಚು ಅಂತ ನೋಡಿ. ಅಲ್ಲಿ ಕಾಣುವ 100 ಎಂದರೆ ನೂರು ಜನ ಅಲ್ಲ, ಹೋಲಿಕೆಯಲ್ಲಿ ಅತಿ ಹೆಚ್ಚು ಎಂದಷ್ಟೇ ಅರ್ಥ.

ಕೊನೆಯದಾಗಿ ಒಂದು ಕಿವಿಮಾತು. ಆಸೆಯಿಂದ ದಿನಕ್ಕೆ ಹತ್ತು ಸಲ ನಿಮ್ಮ ತಾಣವನ್ನು ನೀವೇ ತೆರೆದು ನೋಡಬೇಡಿ. ಆ ಭೇಟಿಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ!