ಈಚಲಲ್ಲದ ಈಚಲು

ಜಮಖಂಡಿ, ಮುಧೋಳಗಳ ಹಳ್ಳದ ದಂಡೆಯಲ್ಲಿ ಈಚಲನ್ನು ಕಂಡು ಬೆಳೆದ ನಾವು ಪಶ್ಚಿಮಘಟ್ಟದ ಮುಂಡೀಚಲನ್ನೂ ಅದೇ ಜಾತಿಯದೆಂದು ಭಾವಿಸುವುದು ಸಹಜ. ಆದರೆ 1753ರಲ್ಲಿ ಲಿನೇಯಸನು ‘ಸೈಕಸ್ ಸರ್ಸಿನಾಲಿಸ್’ ಎಂದು ಹೆಸರಿಟ್ಟ ಈ ಮರವು ತಾಳೆಯ ವರ್ಗದ್ದಲ್ಲ. ‘ಸರ್ಸಿನಾಲಿಸ್’ ಎಂದರೆ ಸುರುಳಿಯಾದುದು. ಎಳೆಯ ಗರಿಯ ಕಿರುಎಲೆಗಳು ಗಡಿಯಾರದ ಕಮಾನಿನಂತೆ ಸುತ್ತಿಕೊಂಡಿರುವುವು. ಈಚಲಿಗೆ ಹೂವು, ಹಣ್ಣುಗಳುಂಟು. ಇದಕ್ಕೆ ಎರಡೂ ಇಲ್ಲ. ಗಂಡುಮರದ ತುದಿಯಲ್ಲಿ ‘ಶಂಕು’ ಮೂಡುವುದು. ಹೆಣ್ಣುಮರದ ‘ಬೀಜಪರ್ಣ’ಗಳ ಅಂಚಿನಲ್ಲಿ ಬೀಜಗಳು ಬಯಲಾಗಿಯೇ ಬೆಳೆಯುವುವು. ಆದುದರಿಂದಲೇ ಇದನ್ನು ‘ಅನಾವೃತಬೀಜಿ’ಗಳಲ್ಲಿ ಎಣಿಸುವೆವು.

ಪರಿಭಾಷೆಯು ಬರಿಯ ಪಾಂಡಿತ್ಯವಲ್ಲ. ಹಣ್ಣಿನಂತೆ ತೋರುವ ಆ ಬೀಜವು ಹಸಿಯಾಗಿರುವಾಗ ವಿಷ; ಕಾಡಿನ ಜನರು ಅದನ್ನು ಹಲವು ನೀರಿನಲ್ಲಿ ನೆನೆಸಿ ತೊಳೆದ ಮೇಲೆಯೇ ಹಿಟ್ಟು ಮಾಡುವರು. ಹೆಸರನ್ನು ನಂಬಿ ಕೈನೀಡುವ ಮುನ್ನ ಲಕ್ಷಣವನ್ನು ನೋಡೋಣ.